ತೊಲೆ ಕೊಯ್ದ ಕಣಜ

"ಗುರುಗಳೇ, ಹೇಳಬೇಕಾದದ್ದನ್ನು ಹೇಳಿದ ಮೇಲೂ ಎದುರಿನವನು ಕೇಳದಿದ್ದರೆ, ಹೇಳಿದವನಿಗೆ ದೋಷವುಂಟೇ?" ಎಂದು ಮುರಿಗೆಪ್ಪ ಕೇಳಿದ.

ಮಠದ ಬಾವಿಯ ಹಗ್ಗ ಸವೆದಿದೆ ಎಂದು ಅವನು ಜೊತೆಯ ಶಿಷ್ಯನಿಗೆ ಹೇಳಿದ್ದ. ಆ ಶಿಷ್ಯ ನಕ್ಕು, ಅದೇ ಹಗ್ಗ ಹಿಡಿದು ಬಾವಿಗೆ ಇಳಿದಿದ್ದ. ಹಗ್ಗ ಹರಿದು ಅವನ ಕಾಲು ಮುರಿದಿತ್ತು. ಇಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ.

"ದೋಷವಿಲ್ಲ ಅನ್ನಿಸಿಕೊಂಡು ಹೋಗಲು ಬಂದೆಯಾ? ಕೂತುಕೋ" ಎಂದರು ಗುರುಗಳು. ಆಮೇಲೆ ಹೇಳತೊಡಗಿದರು.

ಒಬ್ಬ ರೈತನಿಗೆ ಮರದ ಕಣಜವಿತ್ತು. ಕಂಬ, ತೊಲೆ, ಹಲಗೆಯ ಗೋಡೆ ಎಲ್ಲವೂ ಮರ. ಒಂದು ಮೊಳೆ ಇಲ್ಲ, ಬರೀ ಬೆಣೆ. ಒಳಗೆ ಎರಡು ಅಂಕಣ, ಅವುಗಳ ನಡುವೆ ಒಂದು ಕಂಬ. ಈ ಕೊನೆಯ ಗೋಡೆಯಿಂದ ಆ ಕೊನೆಯ ಗೋಡೆಗೆ ಒಂದೇ ಉದ್ದ ತೊಲೆ. ಅದರ ಎರಡು ತುದಿಯೂ ಗೋಡೆಯ ಆಚೆ ಬಂದಿತ್ತು, ಅಲ್ಲಿ ಬೆಣೆ ಹೊಡೆದಿದ್ದರು.

ರೈತ ಸತ್ತ. ಇಬ್ಬರು ಮಕ್ಕಳು ಪಾಲಾದರು. ಅಂಕಣಕ್ಕೊಬ್ಬರಂತೆ ಕಣಜ ಹಂಚಿಕೊಂಡರು. ತೊಲೆ ಮಾತ್ರ ಉಳಿಯಿತು. ಪಾಲಾದ ಮೇಲೆ ಇಬ್ಬರ ಸ್ವತ್ತಿಗೂ ಸೇರಿದ ಮರ ಉಳಿಯಬಾರದು ಎಂಬುದು ಆ ಊರಿನ ಪದ್ಧತಿ. ಎಂಥ ಪದ್ಧತಿಯೋ! ಅದನ್ನು ನಡುವೆ ಕೊಯ್ಯಿರಿ ಎಂದು ಹಿರಿಯರು ಹೇಳಿದರು.

ಕಣಜ ಕಟ್ಟುವಾಗ ಅಣ್ಣ ತಂದೆಯ ಜೊತೆ ನಿಂತು ದುಡಿದವನು. ಅವನು ಎಲ್ಲರೆದುರು ತಮ್ಮನಿಗೆ ಹೇಳಿದ: "ಭತ್ತ ತುಂಬಿದರೆ ಗೋಡೆ ಹೊರಕ್ಕೆ ಒದೆಯುತ್ತದೆ. ಎರಡೂ ಗೋಡೆಯನ್ನು ಹಿಡಿದಿರುವುದು ಈ ತೊಲೆ. ಇಷ್ಟೂ ನಿನ್ನ ತಲೆಗೆ ಹೋಗದಿದ್ದರೆ ಕೊಯ್ದುಕೋ, ನನಗೇನು?"

"ಗೊತ್ತು ಬಿಡಣ್ಣ. ಈ ನೆಪ ಹೇಳಿ ಇಡೀ ಕಣಜ ನುಂಗಿ ನೀರು ಕುಡಿಯುವ ಯೋಚನೆ ನಿನ್ನದು" ಎಂದ ತಮ್ಮ.

ಅಣ್ಣ ಎದ್ದು ಹೋದ. ಗರಗಸ ತಂದ. ಅದು ಇಬ್ಬರು ಎಳೆಯುವ ಗರಗಸ. ಒಂದು ತುದಿ ಅಣ್ಣ ಹಿಡಿದ, ಇನ್ನೊಂದು ತಮ್ಮ. ವರ್ಷಗಳಿಂದ ಮುಖ ಕೊಟ್ಟು ಮಾತಾಡದವರು ಅಂದು ಒಂದೇ ಹದದಲ್ಲಿ ಎಳೆದರು. ತೊಲೆ ಎರಡಾಯಿತು.

ಮರುದಿನ ಅಣ್ಣ ತನ್ನ ಅಂಕಣದ ಬಾಗಿಲು ಹಾಕಿಕೊಂಡ. ತನ್ನ ಪಾಲಿನ ತುಂಡನ್ನು ನಡುಗಂಬಕ್ಕೆ ಬೆಣೆ ಹೊಡೆದು ಬಿಗಿದ. ತಮ್ಮನ ಕಡೆಯ ತುಂಡು ಹಾಗೇ ಇತ್ತು. ಅದನ್ನು ಬಿಗಿಯುವುದಕ್ಕೂ ಒಂದು ಬೆಣೆ ಸಾಕಿತ್ತು.

ಸುಗ್ಗಿ ಬಂತು. ಇಬ್ಬರೂ ತುಂಬಿದರು. ತಮ್ಮ ಹೊರಗೋಡೆಗೆ ಏಣಿ ಇಟ್ಟು ಕೊನೆಯ ಬುಟ್ಟಿ ಸುರಿಯುತ್ತಿದ್ದ. ಗೋಡೆ ಹೊರಕ್ಕೆ ಬಾಯಿ ಬಿಟ್ಟಿತು. ಹಲಗೆ, ಭತ್ತ, ಎಲ್ಲ ಅವನ ಮೇಲೆ ಬಿದ್ದವು.

ಮೊದಲು ಓಡಿ ಬಂದವನು ಅಣ್ಣನೇ. ಬರಿಗೈಯಲ್ಲಿ ಭತ್ತ ತೋಡಿದ, ಉಗುರು ಕಿತ್ತುಹೋಗುವವರೆಗೆ ತೋಡಿದ. ತಮ್ಮ ಸಿಕ್ಕಿದ, ಉಸಿರಿರಲಿಲ್ಲ. ಅಣ್ಣ ಎದೆ ಬಡಿದುಕೊಂಡು ಅತ್ತ. ಸುಳ್ಳು ಅಳು ಅಂದುಕೊಳ್ಳಬೇಡ ಮುರಿಗೆಪ್ಪ, ನಿಜವಾಗಿಯೇ ಅತ್ತ.

ಆಗ ತಮ್ಮನ ಹೆಂಡತಿ ಕೇಳಿದಳು: "ಭಾವ, ನಿಮ್ಮ ಗೋಡೆ ಯಾಕೆ ಬೀಳಲಿಲ್ಲ?"

"ನಾನು ಅವತ್ತೇ ಹೇಳಿದ್ದೆನಲ್ಲಮ್ಮ" ಎಂದ ಅವನು.

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಅವನು ಹೇಳಿದ್ದು ನಿಜವೇ ತಾನೇ, ಗುರುಗಳೇ?" ಎಂದ ಮುರಿಗೆಪ್ಪ.

"ನಿಜವೇ. ಆದರೆ ತಮ್ಮ ಕೇಳದಿರಲಿ ಎಂದು ಬಯಸುತ್ತಲೇ ಹೇಳಿದ."