ತಿಮಿಂಗಿಲಕ್ಕೆ ಅಭಿಷೇಕ

ಕಡಲ ದಂಡೆಯ ಆಶ್ರಮದಲ್ಲಿ ಅಚ್ಯುತಗಿರಿ ಎಂಬ ಗುರುಗಳಿದ್ದರು. ಅವರ ಶಿಷ್ಯ ಚಿದಂಬರನಿಗೆ ಭಕ್ತಿ ಜಾಸ್ತಿ, ತಾಳ್ಮೆ ಕಡಿಮೆ. ದೇವರ ದರ್ಶನ ಯಾವಾಗ, ಯಾವಾಗ ಎಂದು ಬೆಳಗಾದರೆ ಗುರುಗಳ ತಲೆ ತಿನ್ನುತ್ತಿದ್ದ.

ಒಂದು ಮುಂಜಾನೆ ಕಡಲು ಇಳಿದಾಗ ತಿಮಿಂಗಿಲದ ಮರಿಯೊಂದು ಮರಳಿನ ಮೇಲೆ ಸಿಕ್ಕಿಬಿದ್ದಿತ್ತು. ಮರಿಯೆಂದರೂ ದೋಣಿಯಷ್ಟು ಉದ್ದ. ದೂರದ ನೀರಿನಲ್ಲಿ ಅದರ ತಾಯಿ ಏಳುತ್ತಿತ್ತು, ಮುಳುಗುತ್ತಿತ್ತು, ಮತ್ತೆ ಅಲ್ಲೇ ಏಳುತ್ತಿತ್ತು.

ಚಿದಂಬರ ಆಶ್ರಮಕ್ಕೆ ಓಡಿಬಂದ.

“ಗುರುಗಳೇ, ಸಾಕ್ಷಾತ್ ಮತ್ಸ್ಯಾವತಾರ ನಮ್ಮ ದಡಕ್ಕೆ ಬಂದಿದೆ. ಬೇಗ ಬನ್ನಿ.”

ಇಷ್ಟು ಹೇಳಿ, ಹಾಲಿನ ಕೊಡ ಎತ್ತಿಕೊಂಡು ಮತ್ತೆ ಓಡಿದ.

ಗುರುಗಳು ದಂಡೆಗೆ ಬರುವಷ್ಟರಲ್ಲಿ ಮರಿಯ ಹಣೆಗೆ ಕುಂಕುಮ ಬಿದ್ದಿತ್ತು, ಬೆನ್ನ ಮೇಲೆ ಚೆಂಡುಹೂವಿನ ಮಾಲೆ. ಊರಿನ ಹೆಂಗಸರು ಊದಿನಕಡ್ಡಿ ಹಚ್ಚಿದ್ದರು. ಚಿದಂಬರ ಕಲ್ಲೊಂದರ ಮೇಲೆ ನಿಂತು ಕೊಡವನ್ನು ಬಾಗಿಸುತ್ತಿದ್ದ.

ಗುರುಗಳು ಅವನ ಕೈ ಹಿಡಿದರು.

“ಎಲ್ಲಿಗೆ ಸುರಿಯುತ್ತೀಯ?”

“ನೆತ್ತಿಗೆ.”

“ಅಲ್ಲೊಂದು ತೂತಿದೆ, ಕಂಡೆಯಾ?”

“ಕಂಡೆ. ಬ್ರಹ್ಮರಂಧ್ರ ಇರಬೇಕು.”

“ಮೂಗು ಕಣಯ್ಯಾ. ಅದು ಉಸಿರಾಡುವುದೇ ಅಲ್ಲಿಂದ.”

ಅಷ್ಟರಲ್ಲಿ ಆ ತೂತು ತೆರೆದುಕೊಂಡಿತು. ಬಿಸಿಯುಸಿರು ಚಿದಂಬರನ ಮುಖಕ್ಕೆ ಬಡಿಯಿತು. ಅವನು ಕೊಡವನ್ನು ಕೆಳಗಿಳಿಸಿದ. ಪೂಜೆ ಮಾಡುತ್ತಲೇ ಒಂದು ಜೀವ ತೆಗೆಯುವವನಿದ್ದೆ ಎಂದು ಅವನಿಗೆ ಬಹಳ ನಾಚಿಕೆಯಾಯಿತು.

ಗುರುಗಳು ತಾವು ಹೊದ್ದಿದ್ದ ಕಾವಿ ಶಾಲನ್ನು ಸಮುದ್ರದಲ್ಲಿ ಅದ್ದಿ ತಂದು, ಮೂಗು ಬಿಟ್ಟು, ಮರಿಯ ಬೆನ್ನಿಗೆ ಹೊದಿಸಿದರು.

“ಗುರುಗಳೇ, ಅದು ನಿಮ್ಮ ಗುರುಗಳು ಕೊಟ್ಟ ಶಾಲು.”

“ಹೌದು. ಸಾಲುವುದಿಲ್ಲ. ನಿನ್ನದನ್ನೂ ಬಿಚ್ಚು.”

“ಈ ಹಾಲು?”

“ಮಕ್ಕಳಿಗೆ ಕುಡಿಸು. ಕೊಡ ಬೇಕು, ನೀರು ಹೊರುವುದಕ್ಕೆ.”

ಮೀನುಗಾರ ಜಟ್ಟಪ್ಪ ಹಗ್ಗ ತಂದ. “ಬಾಲಕ್ಕೆ ಕಟ್ಟಿ ಎಳದ್ರೆ ಆಗ್ತದಾ ಸ್ವಾಮಿ?”

“ಬೇಡ ಜಟ್ಟಪ್ಪ. ಬಾಲ ಹೋದರೆ ಅದು ಈಜುವುದು ಹೇಗೆ? ಸುತ್ತ ಮರಳು ತೋಡಿ. ಉಬ್ಬರ ಬರಲಿ.”

ಬಿಸಿಲೇರಿತು. ಚಿದಂಬರ ನೀರು ಹೊತ್ತ, ಸುರಿದ, ಮತ್ತೆ ಹೊತ್ತ.

“ಗುರುಗಳೇ, ಯಾವ ಮಂತ್ರ ಹೇಳಲಿ?”

“ನೀರು ತಾ.”

ಮಧ್ಯಾಹ್ನದ ಹೊತ್ತಿಗೆ ಮರಿಯ ಉಸಿರು ನಿಧಾನವಾಯಿತು. ಒಂದು ಉಸಿರಿನ ನಂತರ ಇನ್ನೊಂದಕ್ಕೆ ಎಲ್ಲರೂ ಕಾಯಬೇಕಾಯಿತು. ಚಿದಂಬರ ಅದರ ಪಕ್ಕದಲ್ಲಿ ಕುಸಿದು ಕುಳಿತು ಅತ್ತ.

“ನನಗೆ ದರ್ಶನವೂ ಬೇಡ, ಏನೂ ಬೇಡ. ಇದು ಬದುಕಿದರೆ ಸಾಕು.”

ಗುರುಗಳು ಅವನ ಕೈಗೆ ಮತ್ತೆ ಕೊಡ ಕೊಟ್ಟರು.

ಕೊನೆಗೂ ಉಬ್ಬರ ಬಂತು. ತೋಡಿದ ಗುಂಡಿಗೆ ನೀರು ನುಗ್ಗಿತು, ಮರಿ ಅಲುಗಿತು. ಶಾಲುಗಳನ್ನು ತೆಗೆದು, ಗುರುಗಳು, ಜಟ್ಟಪ್ಪ, ಹೆಂಗಸರು ಎಲ್ಲರೂ ಎದೆಮಟ್ಟದ ನೀರಿಗಿಳಿದು ಅದನ್ನು ತಳ್ಳಿದರು. ಚಿದಂಬರ ಭುಜ ಕೊಟ್ಟು ನಿಂತ. ಬಾಲದ ಒಂದೇ ಏಟಿಗೆ ಮಗುಚಿಬಿದ್ದು, ಹೊಟ್ಟೆತುಂಬ ಉಪ್ಪುನೀರು ಕುಡಿದ.

ಅವನು ಎದ್ದು ಕಣ್ಣೊರೆಸಿಕೊಂಡಾಗ ದೂರದಲ್ಲಿ ಎರಡು ಬೆನ್ನುಗಳು ಒಟ್ಟಿಗೆ ತೇಲುತ್ತಿದ್ದವು. ದಂಡೆಯ ಜನ ಕೈಮುಗಿದರು. ಚಿದಂಬರ ಅವು ಕಾಣದಾಗುವ ತನಕ ನೋಡಿದ. ಸಂತೋಷವಾಗಿತ್ತು, ಆದರೂ ಮನಸ್ಸಿನಲ್ಲಿ ಏನೋ ಒಂದು ಚುಚ್ಚುತ್ತಿತ್ತು.

“ಇಷ್ಟೆಲ್ಲ ಮಾಡಿದೆವು ಗುರುಗಳೇ. ಅದು ಒಂದು ಸಲವೂ ತಿರುಗಿ ನೋಡಲಿಲ್ಲ.”

ಗುರುಗಳು ಒದ್ದೆ ಶಾಲನ್ನು ಹಿಂಡುತ್ತಾ ನಕ್ಕರು.

“ತಾಯಿ ಸಿಕ್ಕಮೇಲೆ ತಿರುಗಿ ನೋಡುವ ಮಗು ಎಲ್ಲಾದರೂ ಉಂಟೇನಯ್ಯಾ?”