ಕುಡಿಯದೆ ಇಟ್ಟ ಬಟ್ಟಲು

“ಹಿಟ್ಟಿನ ಹಡಗು ಬಂದರೆ ಮಕ್ಕಳಿಗೆ ರೊಟ್ಟಿ ಸುಟ್ಟುಕೊಡಿ” ಅಂದಳು ನನ್ನ ಹೆಂಡತಿ. ಅದೇ ಅವಳ ಕೊನೆಯ ಮಾತು.

ನಾನು ನಮ್ಮ ಬಡ ಅಮೀರರ ದರ್ಬಾರಿನಲ್ಲಿ ಕಾಫಿ ಬಗ್ಗಿಸುವವನು. ಹಡಗು ಬಂತು. ಜೊತೆಗೆ ಅದನ್ನು ಕಳಿಸಿದ ಸಿರಿವಂತ ಸುಲ್ತಾನರ ದೂತನೂ ಬಂದ. ನಮ್ಮಲ್ಲಿ ಅತಿಥಿ ಕಾಫಿ ಕುಡಿಯದೆ ಬಟ್ಟಲು ಕೆಳಗಿಟ್ಟರೆ, ಕೇಳಿದ್ದನ್ನು ಯಜಮಾನ ಕೊಡಲೇಬೇಕು. ದೂತ ಬಟ್ಟಲು ಕೆಳಗಿಟ್ಟ.

“ನೆರೆರಾಜ್ಯದ ಸ್ನೇಹ ಬಿಡಿ. ಇಲ್ಲದಿದ್ದರೆ ಹಡಗು ವಾಪಸ್. ಈ ಅರಮನೆಯೇ ನಮ್ಮ ರೊಟ್ಟಿ ತಿನ್ನುತ್ತಿದೆ!”

ಅಮೀರರ ಮುಖ ಬಿಳಿಚಿತು.

“ರೊಟ್ಟಿ ಹಾಕುವವರೇ ಯಜಮಾನರು, ಹುಜೂರ್” ಅಂದೆ ದೂತನಿಗೆ. “ಹಾಗಾದರೆ ಇಲ್ಲಿ ನಮ್ಮ ಅಮೀರರೇ ಅತಿಥಿ.”

ಅಮೀರರ ಕೈಗೆ ಬಟ್ಟಲು ಕೊಟ್ಟೆ. ಅವರು ಕುಡಿಯದೆ ಕೆಳಗಿಟ್ಟರು. “ಷರತ್ತಿಲ್ಲದೆ ಹಿಟ್ಟು ಇಳಿಸಿ.”

ದರ್ಬಾರೆಲ್ಲ ದಂಗು. ದೂತ ತಲೆಯಾಡಿಸಿ ಒಪ್ಪಿದ. ಇಲ್ಲ ಅಂದರೆ ಅವನ ಸುಲ್ತಾನರ ಮಾನ ಹೋಗುತ್ತಿತ್ತು. ಹಿಟ್ಟು ಇಳಿಯಿತು.

ಮರುದಿನ ಬೆಳಿಗ್ಗೆ ನಾನೇ ಹಿಟ್ಟು ನಾದಿದೆ. ರೊಟ್ಟಿ ಸೀದುಹೋಯಿತು. ಮಕ್ಕಳು ತಿಂದರು.