ಕಾಜಾಣದ ಮೇಲೆ ಹೊರಿಸಿದ ದೂರು

ಹಿತ್ತಲಿನ ಕೋಳಿಗೂಡಿನಲ್ಲಿ ಒಂದು ಮರಿ ಸತ್ತುಬಿದ್ದಿತ್ತು. ಕಾಳಿಗೆ ಬಾಯಿ ಹಾಕಿದ್ದಕ್ಕೆ ಜೊತೆಯ ಮರಿಯೇ ಅದರ ನೆತ್ತಿಗೆ ಕುಕ್ಕಿ ಕುಕ್ಕಿ ಕೊಂದಿತ್ತು.

ಹಿರಿಯ ಹುಂಜ ಎಲ್ಲರನ್ನೂ ಸೇರಿಸಿ ಹೇಳಿತು: "ಇದಕ್ಕೆಲ್ಲ ನುಗ್ಗೆಮರದ ಆ ಕಾಜಾಣವೇ ಕಾರಣ. ದಿನಾ ಸಂಜೆ ಗಿಡುಗನ ಹಾಗೆ ಕೂಗಿ ತೋರಿಸುತ್ತದೆ. ಅದನ್ನು ಕೇಳಿ ಕೇಳಿ ನಮ್ಮ ಮರಿಗಳು ಕೆಟ್ಟಿವೆ."

"ನಾನು ಬೆಕ್ಕಿನ ಹಾಗೂ ಕೂಗುತ್ತೇನೆ ಸ್ವಾಮಿ," ಎಂದಿತು ಕಾಜಾಣ. "ಇವತ್ತಿನವರೆಗೆ ನಿಮ್ಮ ಒಂದು ಮರಿಯೂ ಇಲಿ ಹಿಡಿದಿಲ್ಲವಲ್ಲ?"

"ಎದುರುತ್ತರ ಬೇರೆ!" ಎಂದು ಹೇಟೆಗಳೆಲ್ಲ ರೆಕ್ಕೆ ಬಡಿದು ಗದ್ದಲ ಮಾಡಿ ಅದನ್ನು ಓಡಿಸಿದವು. ಅಂದು ಸಂಜೆ ಹಿತ್ತಲು ತಣ್ಣಗಿತ್ತು. ಎಲ್ಲರಿಗೂ ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಮನೆಯವರು ಕಾಳು ಚೆಲ್ಲಿದರು. ಗೂಡಿನ ಪದ್ಧತಿಯಂತೆ ಹುಂಜ ಮೊದಲು ನಿಂತು, ಹತ್ತಿರ ಬಂದವರ ನೆತ್ತಿಗೆಲ್ಲ ಕುಕ್ಕಿ, ಹೊಟ್ಟೆ ತುಂಬ ತಿಂದಿತು. ಆಮೇಲೆ ಹೇಟೆಗಳು ತಮಗಿಂತ ಚಿಕ್ಕವರನ್ನು ಕುಕ್ಕಿ ತಿಂದವು. ಉಳಿದ ನಾಲ್ಕು ಕಾಳಿಗೆ ಮರಿಗಳು ಮುಗಿಬಿದ್ದವು. ಇನ್ನೊಂದು ಮರಿ ಸತ್ತಿತು.

ಅದರ ತಾಯಿ ಹುಂಜದ ಮುಂದೆ ಬಂದು ಮೆಲ್ಲಗೆ ಕೇಳಿತು: "ಯಜಮಾನರೇ, ಕಾಜಾಣ ಕೂಗಿದ್ದನ್ನು ಕೇಳಿದ್ದೇನೆ, ಕುಕ್ಕಿದ್ದನ್ನು ನೋಡಿಲ್ಲ. ಹಾಗಾದರೆ ಮರಿಗಳಿಗೆ ನೆತ್ತಿಗೇ ಕುಕ್ಕುವುದನ್ನು ಕಲಿಸಿದವರು ಯಾರು?"

ಹುಂಜ ಅದರ ನೆತ್ತಿಗೆ ಬಲವಾಗಿ ಒಮ್ಮೆ ಕುಕ್ಕಿ, ಉಳಿದವರ ಕಡೆ ತಿರುಗಿತು.

"ನುಗ್ಗೆಮರದಲ್ಲಿ ಇನ್ನೊಮ್ಮೆ ಹುಡುಕಿ. ಜೀರುಂಡೆಯಾದರೂ ಇದ್ದೇ ಇರುತ್ತದೆ."